ತಡವಾಗಿ ಹೊತ್ತಿದ ಒಲೆ

‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. ಪರೀಕ್ಷೆಯ ಫಲಿತಾಂಶ ಹೊರಬಿದ್ದ ದಿನ ನಮ್ಮ ಮನೆಗಳಲ್ಲಿ ಇದಕ್ಕೆ ವಿಶೇಷವಾದ ಬೆಲೆಯುಂಟು. ಹುಡುಗನು ತಲೆತಗ್ಗಿಸಿ ‘ಇನ್ನು ಮೇಲೆ ಚೆನ್ನಾಗಿ ಓದುತ್ತೇನೆ’ ಎಂದರೆ ಸಾಕು, ಜಗಲಿಯ ಮೇಲೆ ಕುಳಿತ ಹಿರಿಯರಾರಾದರೂ ಈ ಗಾದೆಯನ್ನು ತೆಗೆದು ಅವನ ಮುಂದೆ ಇಡುತ್ತಾರೆ. ಅಲ್ಲಿಗೆ ಮಾತು ಮುಗಿದಂತೆ.

ಗಾದೆ ಸುಳ್ಳಲ್ಲ, ಆದರೆ ಅದು ಅರ್ಧ ಮಾತ್ರ ನಿಜ. ತೀರ್ಥಹಳ್ಳಿಯ ಕಡೆಯ ನಮ್ಮ ಮನೆಯಲ್ಲಿ ಆಷಾಢದ ಮಳೆ ಹಿಡಿದಾಗ ಸೌದೆಯೆಲ್ಲ ಹಸಿಯಾಗಿ, ಬೆಳಗಿನ ಒಲೆಯಲ್ಲಿ ಒಂದು ಗಂಟೆಯ ಕಾಲ ಹೊಗೆಯಲ್ಲದೆ ಬೇರೇನೂ ಇರುತ್ತಿರಲಿಲ್ಲ. ಅಜ್ಜಿ ಕಣ್ಣೊರೆಸಿಕೊಳ್ಳುತ್ತ ಊದುಗೊಳವೆಯಲ್ಲಿ ಊದುತ್ತಿದ್ದರು. ಉರಿ ಹತ್ತುವುದು ತಡವಾಗುತ್ತಿತ್ತು, ಊಟವೂ ತಡವಾಗುತ್ತಿತ್ತು. ಆದರೆ ಆ ದಿನ ಅಡುಗೆಯೇ ಬೇಡವೆಂದು ಯಾರೂ ಎಲೆಯ ಮುಂದಿನಿಂದ ಎದ್ದುಹೋದದ್ದನ್ನು ನಾನು ಕಾಣೆ.

ಈ ಹಳೆಯ ಒಲೆಯ ನೆನಪು ನನಗೆ ಮರಳಿ ಬಂದದ್ದು ತೀರ್ಥಹಳ್ಳಿಯಲ್ಲಲ್ಲ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಎಂಬ ಊರಿನಲ್ಲಿ.

★

ಹೋದ ವರ್ಷದ ಬೇಸಗೆಯ ರಜದಲ್ಲಿ ಅಕ್ಕನ ಮನೆಗೆಂದು ಅಲ್ಲಿಗೆ ಹೋಗಿದ್ದೆ. ಸಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವದ ದಡದಲ್ಲಿರುವ ಆ ಊರಿನಲ್ಲಿ ಕನ್ನಡದ ಮನೆಗಳಿಗೆ ಕೊರತೆಯಿಲ್ಲ. ಬೇಸಗೆ ಬಂತೆಂದರೆ ಊರ ಹಿಂದಿನ ಮಿಷನ್ ಪೀಕ್ ಬೆಟ್ಟ ಒಣಹುಲ್ಲಿನಿಂದ ಹೊಂಬಣ್ಣಕ್ಕೆ ತಿರುಗುತ್ತದೆ. ಸಂಜೆಯ ಹೊತ್ತು ಅದನ್ನು ನೋಡುತ್ತ ಹಿತ್ತಿಲಲ್ಲಿ ಕುಳಿತಿರುವುದು ನನ್ನ ದಿನಚರಿಯಾಯಿತು.

ಒಂದು ಭಾನುವಾರ ಅಕ್ಕ ಕನ್ನಡ ಕೂಟದವರ ಒಂದು ಸಂತೋಷಕೂಟಕ್ಕೆ ನನ್ನನ್ನು ಕರೆದೊಯ್ದಳು. ಬಿಸಿಬೇಳೆ ಭಾತು, ಮೊಸರನ್ನ, ಮಕ್ಕಳ ಹಾಡು ಎಲ್ಲವೂ ಇದ್ದವು. ಊಟದ ಸಾಲಿನಲ್ಲಿ ಪರಿಚಿತರೊಬ್ಬರು ಅಕ್ಕನನ್ನು ಕೇಳಿದರು: “ನಿಮ್ಮ ಮಗ ಎಲ್ಲಿ ಓದುತ್ತಿದ್ದಾನೆ?” ಅಕ್ಕ, “ಇಲ್ಲೇ, ಹತ್ತಿರದಲ್ಲೇ” ಎಂದು ಹೇಳಿ ಉಪ್ಪಿನಕಾಯಿಯ ಕಡೆಗೆ ಕೈಚಾಚಿದಳು. ಕೇಳಿದವರು ಸಜ್ಜನರು, ಮತ್ತೆ ಕೇಳಲಿಲ್ಲ. ಆದರೆ ಆ ‘ಹತ್ತಿರ’ ಎಂಬ ಮಾತಿನಲ್ಲಿ ಎಷ್ಟು ದೂರ ಅಡಗಿತ್ತೆಂಬುದು ಮನೆಗೆ ಮರಳುವ ದಾರಿಯಲ್ಲಿ ಅವಳ ಮೌನದಿಂದ ನನಗೆ ತಿಳಿಯಿತು.

ನನ್ನ ಸೋದರಳಿಯ ಓದುತ್ತಿದ್ದುದು ಒಂದು ಕಮ್ಯೂನಿಟಿ ಕಾಲೇಜಿನಲ್ಲಿ. ಹೈಸ್ಕೂಲಿನಲ್ಲಿ ಅವನ ಅಂಕಗಳು ಚೆನ್ನಾಗಿರಲಿಲ್ಲ. ಅಕ್ಕಪಕ್ಕದ ಮನೆಗಳ ಮಕ್ಕಳು ಬರ್ಕ್ಲಿಗೂ ಲಾಸ್ ಏಂಜಲಿಸಿಗೂ ಹೊರಟಾಗ ಇವನು ಬಸ್ಸು ಹತ್ತಿ ಊರ ಕಾಲೇಜಿಗೆ ಹೋದನು. ಮೊದಲ ವರ್ಷ ತಂದೆಯ ಇಚ್ಛೆಯಂತೆ ಕಂಪ್ಯೂಟರ್ ಪಾಠಗಳನ್ನೂ ಕಲನಶಾಸ್ತ್ರವನ್ನೂ ತೆಗೆದುಕೊಂಡು ಕಷ್ಟಪಟ್ಟನು. ಎರಡನೆಯ ವರ್ಷ, ವಿಜ್ಞಾನದ ಒಂದು ಪಾಠ ಕಡ್ಡಾಯವೆಂಬ ಕಾರಣಕ್ಕೆ, ಭೂವಿಜ್ಞಾನದ ತರಗತಿಗೆ ಸೇರಿದನು. ಫ್ರೀಮಾಂಟ್ ಊರಿನ ನಡುವೆಯೇ ಹೇವರ್ಡ್ ಬಿರುಕು ಎಂಬ ಭೂಮಿಯ ಸೀಳು ಹಾದುಹೋಗುತ್ತದೆ. 1868ರಲ್ಲಿ ಅದು ದೊಡ್ಡ ಭೂಕಂಪಕ್ಕೆ ಕಾರಣವಾಗಿತ್ತು. ಇಂದಿಗೂ ವರ್ಷಕ್ಕೆ ಕೆಲವು ಮಿಲಿಮೀಟರುಗಳಷ್ಟು ಸರಿಯುತ್ತಲೇ ಇದೆ. ಉಪಾಧ್ಯಾಯರು ತರಗತಿಯವರನ್ನೆಲ್ಲ ಕರೆದೊಯ್ದು, ರಸ್ತೆಯಂಚಿನ ಕಲ್ಲುಕಟ್ಟು ಎರಡಾಗಿ ಸರಿದು ನಿಂತದ್ದನ್ನು ತೋರಿಸಿದರಂತೆ. “ಮಾವ, ನಾನು ಹತ್ತು ವರ್ಷ ಆ ದಾರಿಯಲ್ಲಿ ಸೈಕಲ್ ಹೊಡೆದಿದ್ದೆ. ನೋಡಿರಲಿಲ್ಲ” ಎಂದನು. ಅಂದಿನಿಂದ ಅವನು ಓದತೊಡಗಿದನು.

ಆ ರಾತ್ರಿ ಅವನು ತನ್ನ ಅಂಕಪಟ್ಟಿಯನ್ನು ನನ್ನ ಮುಂದಿಟ್ಟನು. ನಾಲ್ಕು ಸೆಮಿಸ್ಟರು, 60 ಯೂನಿಟ್ಟು. ಕೆಳಗೆ ಒಂದೇ ಒಂದು ಅಂಕೆ: 2.8.

“ಇದರಲ್ಲಿ ಯೂನಿವರ್ಸಿಟಿ ಸಿಗುತ್ತದೆಯೇ, ಮಾವ?”

ಇಪ್ಪತ್ತು ವರ್ಷಗಳಿಂದ ಅಂಕಗಳನ್ನು ಕೊಡುತ್ತಲೇ ಬಂದಿರುವ ನಾನು ಆ ಪ್ರಶ್ನೆಗೆ ಒಡನೆಯೇ ಉತ್ತರ ಕೊಡಲಾರದೆ ಹೋದೆ. ಉತ್ತರವನ್ನು ಹುಡುಕುತ್ತ ಆ ದೇಶದ ಒಂದು ದೊಡ್ಡ ವ್ಯವಸ್ಥೆಯ ಪರಿಚಯ ನನಗಾಯಿತು. ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಅದು ಯೋಚನೆಗೆ ತಕ್ಕ ವಿಷಯವೆಂದು ತೋರಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

★

ಕಮ್ಯೂನಿಟಿ ಕಾಲೇಜು ಎಂಬುದು ಅಮೆರಿಕದ ವಿದ್ಯಾಭ್ಯಾಸ ಕ್ರಮದಲ್ಲಿ ಎರಡು ವರ್ಷದ ಕಾಲೇಜು. ಅಲ್ಲಿನ ಪದವಿಗೆ ನಾಲ್ಕು ವರ್ಷ ಬೇಕು. ಅದರ ಮೊದಲೆರಡು ವರ್ಷಗಳ ಪಾಠಗಳನ್ನು ಇಲ್ಲಿ ಓದಿ, ಉಳಿದೆರಡು ವರ್ಷಗಳಿಗೆ ವಿಶ್ವವಿದ್ಯಾನಿಲಯಕ್ಕೆ ದಾಟಿಹೋಗಬಹುದು. ಹೀಗೆ ದಾಟುವುದನ್ನು ಅಲ್ಲಿ ‘ಟ್ರಾನ್ಸ್‌ಫರ್’ ಎನ್ನುತ್ತಾರೆ. ಇದರ ಜೊತೆಗೆ ಬಡಗಿ, ದಾದಿ, ಯಂತ್ರದ ಕೆಲಸಗಾರರಿಂದ ಹಿಡಿದು, ನಡುವಯಸ್ಸಿನಲ್ಲಿ ಇಂಗ್ಲಿಷ್ ಕಲಿಯಬಯಸುವ ವಲಸೆಗಾರರವರೆಗೆ ಎಲ್ಲರಿಗೂ ಅಲ್ಲಿ ಜಾಗವುಂಟು.

1901ರಲ್ಲಿ ಇಲಿನಾಯ್ ಪ್ರಾಂತದ ಜೋಲಿಯೆಟ್ ಎಂಬಲ್ಲಿ ಇಂಥ ಮೊದಲ ಸರ್ಕಾರಿ ಕಾಲೇಜು ಆರು ಮಂದಿ ವಿದ್ಯಾರ್ಥಿಗಳೊಡನೆ ಆರಂಭವಾಯಿತು. ಅದರ ಹಿಂದೆ ಇದ್ದವರು ಇಬ್ಬರು: ಊರಿನ ಹೈಸ್ಕೂಲಿನ ಮುಖ್ಯಸ್ಥರಾದ ಸ್ಟ್ಯಾನ್ಲಿ ಬ್ರೌನ್ ಮತ್ತು ಷಿಕಾಗೊ ವಿಶ್ವವಿದ್ಯಾನಿಲಯದ ಅಧ್ಯಕ್ಷರಾದ ವಿಲಿಯಮ್ ರೇನಿ ಹಾರ್ಪರ್. ಹಾರ್ಪರರು ತಮ್ಮ ವಿಶ್ವವಿದ್ಯಾನಿಲಯದಲ್ಲಿ ಮೊದಲೆರಡು ವರ್ಷಗಳನ್ನು ಜೂನಿಯರ್ ಕಾಲೇಜು, ಮುಂದಿನೆರಡನ್ನು ಸೀನಿಯರ್ ಕಾಲೇಜು ಎಂದು ಆಗಲೇ ಬೇರ್ಪಡಿಸಿದ್ದರು. ಮೊದಲ ಅರ್ಧವನ್ನು ವಿದ್ಯಾರ್ಥಿಯ ಊರಿನಲ್ಲೇ ಕಲಿಸಿದರೇನು ಎಂಬುದು ಅಲ್ಲಿಂದ ಹುಟ್ಟಿದ ಪ್ರಶ್ನೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ಅಧ್ಯಕ್ಷ ಟ್ರೂಮನ್ನರು ನೇಮಿಸಿದ ಉಚ್ಚ ಶಿಕ್ಷಣದ ಆಯೋಗವು ಇಂಥ ಕಾಲೇಜುಗಳು ದೇಶದ ಎಲ್ಲೆಡೆ ಬೆಳೆಯಬೇಕೆಂದು ಹೇಳಿತು. ‘ಕಮ್ಯೂನಿಟಿ ಕಾಲೇಜು’ ಎಂಬ ಹೆಸರು ಜನರ ಬಾಯಲ್ಲಿ ನಿಂತದ್ದು ಆ ವರದಿಯಿಂದ.

ಆದರೆ ಈ ಆಲೋಚನೆಗೆ ಪೂರ್ಣವಾದ ಆಕಾರ ಬಂದದ್ದು 1960ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಆಗ ಅಲ್ಲಿನ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ ಕ್ಲಾರ್ಕ್ ಕರ್ ಮೊದಲಾದವರ ಪ್ರಯತ್ನದಿಂದ ಒಂದು ‘ಮಹಾಯೋಜನೆ’ ಸಿದ್ಧವಾಗಿ ಶಾಸನವಾಯಿತು. ಹೈಸ್ಕೂಲಿನಲ್ಲಿ ತೇರ್ಗಡೆಯಾದವರಲ್ಲಿ ಮೇಲಿನ ಎಂಟನೆಯ ಒಂದು ಭಾಗದವರಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ, ಮೇಲಿನ ಮೂರನೆಯ ಒಂದು ಭಾಗದವರಿಗೆ ರಾಜ್ಯದ ಇತರ ಕಾಲೇಜುಗಳಲ್ಲಿ ಪ್ರವೇಶ. ಉಳಿದ ಎಲ್ಲರಿಗೂ ಎರಡು ವರ್ಷದ ಕಾಲೇಜಿನ ಬಾಗಿಲು ತೆರೆದಿರತಕ್ಕದ್ದು. ಇಷ್ಟೇ ಆಗಿದ್ದರೆ ಅದನ್ನು ಒಂದು ಜರಡಿ ಎಂದು ಕರೆದು ಸುಮ್ಮನಾಗಬಹುದಿತ್ತು. ಆದರೆ ಯೋಜನೆಯವರು ಇನ್ನೊಂದು ಮಾತನ್ನೂ ಸೇರಿಸಿದರು. ವಿಶ್ವವಿದ್ಯಾನಿಲಯಗಳು ತಮ್ಮ ಮೊದಲೆರಡು ವರ್ಷಗಳಲ್ಲಿ ನೂರಕ್ಕೆ ನಲವತ್ತು, ಕೊನೆಯೆರಡು ವರ್ಷಗಳಲ್ಲಿ ಅರವತ್ತು ಎಂಬ ಪ್ರಮಾಣದಲ್ಲಿ ವಿದ್ಯಾರ್ಥಿಗಳನ್ನು ಇರಿಸಿಕೊಳ್ಳತಕ್ಕದ್ದು. ಅಂದರೆ, ಮೂರನೆಯ ವರ್ಷಕ್ಕೆ ಹೊರಗಿನಿಂದ ಬರುವವರಿಗಾಗಿ ಪೀಠಗಳನ್ನು ಮೊದಲೇ ಖಾಲಿ ಬಿಟ್ಟಿರಬೇಕು. ತಡವಾಗಿ ಬರುವ ಅತಿಥಿಗಾಗಿ ಎಲೆ ಹಾಕಿ ಇಟ್ಟಂತೆ!

ಇಂದು ಆ ಒಂದು ರಾಜ್ಯದಲ್ಲೇ ಇಂಥ 116 ಕಾಲೇಜುಗಳಿವೆ. ಸುಮಾರು ಇಪ್ಪತ್ತು ಲಕ್ಷ ಮಂದಿ ಓದುತ್ತಾರೆ. 1984ರವರೆಗೆ ಅಲ್ಲಿ ಬೋಧನಾ ಶುಲ್ಕವೇ ಇರಲಿಲ್ಲ. ಈಗ ರಾಜ್ಯದ ನಿವಾಸಿಗಳಿಗೆ ಯೂನಿಟ್ಟಿಗೆ 46 ಡಾಲರು. 60 ಯೂನಿಟ್ಟಿಗೆ 2760 ಡಾಲರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಾದರೋ ಒಂದು ವರ್ಷಕ್ಕೇ ಹದಿನಾಲ್ಕು ಸಾವಿರ ಡಾಲರಿಗೆ ಮೇಲೆ ಬೇಕು. ಅಂಕ ಕಡಿಮೆಯಾದವರು ಮಾತ್ರವಲ್ಲದೆ ಹಣ ಕಡಿಮೆಯಿದ್ದವರೂ ಈ ಬಾಗಿಲಿಗೆ ಬರುವುದು ಸಹಜವೇ.

★

ಇನ್ನು ಆ 2.8ರ ವಿಚಾರ.

ಅಲ್ಲಿನ ಲೆಕ್ಕ ಹೀಗೆ: ‘ಎ’ ಬಂದರೆ ನಾಲ್ಕು, ‘ಬಿ’ಗೆ ಮೂರು, ‘ಸಿ’ಗೆ ಎರಡು, ‘ಡಿ’ಗೆ ಒಂದು, ‘ಎಫ್’ ಎಂದರೆ ಸೊನ್ನೆ. ಒಂದೊಂದು ಪಾಠದ ಅಂಕೆಯನ್ನೂ ಅದರ ಯೂನಿಟ್ಟುಗಳಿಂದ ಗುಣಿಸಿ, ಎಲ್ಲವನ್ನೂ ಕೂಡಿ, ಒಟ್ಟು ಯೂನಿಟ್ಟುಗಳಿಂದ ಭಾಗಿಸಿದರೆ ಬರುವ ಸರಾಸರಿಯೇ ಜಿ.ಪಿ.ಎ. ನಾಲ್ಕಕ್ಕೆ 2.8 ಎಂದರೆ ‘ಬಿ’ಗಿಂತ ಒಂದಿಷ್ಟು ಕೆಳಗೆ, ಕೆಟ್ಟದ್ದಲ್ಲ, ಹೇಳಿಕೊಳ್ಳುವಂಥದ್ದೂ ಅಲ್ಲ.

ನನ್ನ ಅಳಿಯನಿಗೆ ಮೊದಲ ವರ್ಷದ 30 ಯೂನಿಟ್ಟುಗಳಲ್ಲಿ ಬಂದ ಸರಾಸರಿ 2.1, ಎರಡನೆಯ ವರ್ಷದ 30 ಯೂನಿಟ್ಟುಗಳಲ್ಲಿ 3.5. ಎರಡೂ ಸೇರಿ 2.8. ಈಗ ಇನ್ನೊಬ್ಬ ಹುಡುಗನನ್ನು ಕಲ್ಪಿಸಿಕೊಳ್ಳೋಣ. ಅವನಿಗೆ ಮೊದಲ ವರ್ಷ 3.5 ಬಂದು, ಎರಡನೆಯ ವರ್ಷ 2.1ಕ್ಕೆ ಇಳಿಯಿತೆನ್ನೋಣ. ಅವನದೂ 2.8! ಒಬ್ಬನು ಬೆಟ್ಟ ಹತ್ತುತ್ತಿದ್ದಾನೆ, ಇನ್ನೊಬ್ಬನು ಇಳಿಯುತ್ತಿದ್ದಾನೆ. ದಾರಿಯ ನಡುವೆ ಇಬ್ಬರೂ ಒಂದೇ ಎತ್ತರದಲ್ಲಿ ಕಂಡುಬಂದರು, ಅಷ್ಟೆ. ಸರಾಸರಿಗೆ ಹಿಂದು ಮುಂದು ಎಂಬುದಿಲ್ಲ. ಅದು ಕಾಲವನ್ನು ಅರಿಯದು. ವಿದ್ಯಾರ್ಥಿಯಾದರೋ ಕಾಲದಲ್ಲಿ ಬೆಳೆಯತಕ್ಕ ಜೀವ.

ಇಷ್ಟೇ ಅಲ್ಲ, ಸರಾಸರಿಗೆ ಒಂದು ಕ್ರೌರ್ಯವೂ ಉಂಟು. ಮೊದಲ 30 ಯೂನಿಟ್ಟುಗಳಲ್ಲಿ 2.0 ಬಂದವನು ಮುಂದಿನ 30ರಲ್ಲಿ ಒಂದೂ ಬಿಡದಂತೆ ‘ಎ’ ಗಳಿಸಿದರೂ ಅವನ ಒಟ್ಟು ಅಂಕೆ 3.0ನ್ನು ದಾಟಲಾರದು. ಒಂದು ವರ್ಷದ ಹೊಗೆಯನ್ನು ಇಡೀ ಒಂದು ವರ್ಷದ ಉರಿಯೂ ಪೂರ್ತಿಯಾಗಿ ಕಳೆಯಲಾರದು. ತೀರ ಕೆಳಗಿನ ಅಂಕ ಬಂದ ಪಾಠವನ್ನು ಪುನಃ ಓದಿ ಸರಿಪಡಿಸಿಕೊಳ್ಳಲು, ಕೆಲವು ಕಟ್ಟುಪಾಡುಗಳ ಮೇಲೆ, ಅಲ್ಲಿನ ಕಾಲೇಜುಗಳಲ್ಲಿ ಅವಕಾಶವಿದೆ. ಗಡುವಿನೊಳಗೆ ಪಾಠವನ್ನು ಕೈಬಿಟ್ಟರೆ ಅದು ಪಟ್ಟಿಯಲ್ಲಿ ಕಾಣುತ್ತದೆ, ಸರಾಸರಿಗೆ ಸೇರುವುದಿಲ್ಲ. ಆದರೆ ‘ಸಿ’ ಬಂದ ಪಾಠ ಬಂದದ್ದೇ.

ಹಾಗಾದರೆ ದಾರಿಯೇನು? ಇಲ್ಲಿಯೇ ಆ ವ್ಯವಸ್ಥೆಯ ಒಳ್ಳೆಯ ಗುಣ ಕಾಣುವುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವು ರಾಜ್ಯದ ನಿವಾಸಿಯಾದ ಟ್ರಾನ್ಸ್‌ಫರ್ ವಿದ್ಯಾರ್ಥಿಯಿಂದ ಕನಿಷ್ಠ ಪಕ್ಷ ಕೇಳುವುದು 2.4, ಹೊರಗಿನವನಾದರೆ 2.8. ದಾಟಬಲ್ಲ 60 ಯೂನಿಟ್ಟುಗಳು, ಅವುಗಳಲ್ಲಿ ಇಂಗ್ಲಿಷ್ ಬರವಣಿಗೆಯ ಎರಡು ಪಾಠಗಳು, ಗಣಿತದ ಒಂದು, ಇತರ ವಿಷಯಗಳ ನಾಲ್ಕು ಇರಬೇಕು. ಹೀಗೆ ಮೂರನೆಯ ವರ್ಷಕ್ಕೆ ಬರುವವನ ಹೈಸ್ಕೂಲಿನ ಅಂಕಗಳನ್ನು ಅವರು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಈ ಕೊನೆಯ ಮಾತನ್ನು ಓದುಗರು ಇನ್ನೊಮ್ಮೆ ಓದಬೇಕೆಂದು ನನ್ನ ಬಿನ್ನಹ. ಹದಿನೇಳನೆಯ ವಯಸ್ಸಿನಲ್ಲಿ ಆದದ್ದು ಅಲ್ಲಿಗೆ ಮುಗಿಯಿತು. ಈಗ ಏನು ಓದಿದ್ದೀಯೆ ಹೇಳು ಎನ್ನುತ್ತಾರೆ.

ರಾಜ್ಯದ ಇನ್ನೊಂದು ವಿಶ್ವವಿದ್ಯಾನಿಲಯ ಸಮೂಹವಾದ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಕನಿಷ್ಠ ಅಂಕೆ 2.0. 2010ರಲ್ಲಿ ಆದ ಒಂದು ಕಾಯಿದೆಯ ಪ್ರಕಾರ, ಗೊತ್ತುಪಡಿಸಿದ ಪಾಠಗಳಿಂದ ಕೂಡಿದ ಎರಡು ವರ್ಷದ ‘ಟ್ರಾನ್ಸ್‌ಫರ್ ಪದವಿ’ಯನ್ನು ಮುಗಿಸಿದವನಿಗೆ ಆ ಸಮೂಹದಲ್ಲಿ ಎಲ್ಲಿಯಾದರೊಂದು ಕಡೆ ಸ್ಥಳ ಖಂಡಿತ; ತಾನು ಬಯಸಿದ ಊರಿನಲ್ಲೇ ಎಂಬ ಭರವಸೆ ಮಾತ್ರ ಇಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಎಂಬ ಆರು ಕಡೆ ಮುಂಚಿತವಾಗಿ ಒಪ್ಪಂದ ಮಾಡಿಕೊಂಡು ಪ್ರವೇಶವನ್ನು ಖಚಿತಪಡಿಸಿಕೊಳ್ಳುವ ಕ್ರಮವೂ ಇದೆ. ಅದಕ್ಕೆ ಬೇಕಾದ ಅಂಕೆ ಊರಿಂದೂರಿಗೆ, ವಿಷಯದಿಂದ ವಿಷಯಕ್ಕೆ ಬೇರೆ. ಬರ್ಕ್ಲಿ, ಲಾಸ್ ಏಂಜಲಿಸ್, ಸಾನ್ ಡಿಯಾಗೊಗಳಲ್ಲಿ ಈ ಒಪ್ಪಂದವಿಲ್ಲ. ಕನಿಷ್ಠ ಅಂಕೆಯೆಂದರೆ ಬಾಗಿಲು ತಟ್ಟುವ ಹಕ್ಕು ಮಾತ್ರ. ಒಳಗೆ ಕರೆಯುವ ಭರವಸೆಯಲ್ಲ. ಸ್ಪರ್ಧೆ ಹೆಚ್ಚಿರುವ ಕಡೆಗಳಲ್ಲಿ 2.8 ಹಿಡಿದು ಹೋದವನಿಗೆ ನಿರಾಶೆಯಾಗುವ ಸಂಭವವೇ ಹೆಚ್ಚು. ಇದನ್ನು ಮರೆಮಾಚುವುದು ವಿದ್ಯಾರ್ಥಿಗೆ ಮಾಡುವ ಉಪಕಾರವಲ್ಲ.

ಅಂಕೆಯ ಜೊತೆಗೆ ಅವರು ಅಂಕಪಟ್ಟಿಯನ್ನೂ ಓದುತ್ತಾರೆ. ಯಾವ ಪಾಠಗಳನ್ನು ಆಯ್ದುಕೊಂಡ, ತಾನು ಸೇರಬಯಸುವ ಶಾಸ್ತ್ರಕ್ಕೆ ಬೇಕಾದ ಸಿದ್ಧತೆ ಮಾಡಿಕೊಂಡಿದ್ದಾನೆಯೆ, ಏರಿದನೆ ಇಳಿದನೆ ಎಂಬುದನ್ನು ನೋಡುತ್ತಾರೆ. ಅರ್ಜಿಯಲ್ಲಿ ನಾಲ್ಕು ಕಿರುಬರಹಗಳನ್ನು ಬರೆಯಬೇಕು; ಒಂದೊಂದೂ 350 ಶಬ್ದಗಳಿಗೆ ಮೀರಬಾರದು. ಬಯಸುವ ಶಾಸ್ತ್ರಕ್ಕೆ ತಾನು ಹೇಗೆ ಅಣಿಯಾಗಿದ್ದೇನೆ ಎಂಬ ಬರಹ ಕಡ್ಡಾಯ. ಸರಾಸರಿಗೆ ತಿಳಿಯದ ಕಾಲವನ್ನು ತಿಳಿಸಲು ವಿದ್ಯಾರ್ಥಿಗೆ ದೊರೆತ ಜಾಗ ಅದು.

★

ಇಷ್ಟನ್ನು ಓದಿ, ಅಮೆರಿಕದಲ್ಲಿ ತಡವಾಗಿ ಎಚ್ಚತ್ತವರೆಲ್ಲ ಸುಖವಾಗಿ ದಡ ಸೇರುತ್ತಾರೆಂದು ಯಾರೂ ಭಾವಿಸಬಾರದು. ಮಹಾಯೋಜನೆಯಾದ 1960ರಲ್ಲೇ ಬರ್ಟನ್ ಕ್ಲಾರ್ಕ್ ಎಂಬ ಸಮಾಜಶಾಸ್ತ್ರಜ್ಞರು ಸಾನ್ ಹೊಸೆಯ ಒಂದು ಜೂನಿಯರ್ ಕಾಲೇಜನ್ನು ಅಧ್ಯಯನ ಮಾಡಿ ಒಂದು ಕಹಿ ಮಾತನ್ನು ಹೇಳಿದ್ದರು. ಎಲ್ಲರಿಗೂ ಬಾಗಿಲು ತೆರೆದು, ಒಳಗೆ ಬಂದವರಲ್ಲಿ ಹಲವರ ಆಸೆಯನ್ನು ಮೆಲ್ಲಮೆಲ್ಲನೆ ತಣಿಸಿ, ಸಣ್ಣ ಗುರಿಗೆ ಒಗ್ಗಿಸುವುದೂ ಈ ಕಾಲೇಜುಗಳು ಮಾಡುವ ಒಂದು ಕೆಲಸವೆಂದು ಅವರು ತೋರಿಸಿದರು. ಯಾರೂ ‘ನಿನಗಾಗದು’ ಎನ್ನುವುದಿಲ್ಲ. ಹುಡುಗನೇ ಒಂದು ದಿನ ‘ನನಗಾಗದು’ ಎಂದುಕೊಳ್ಳುತ್ತಾನೆ.

ಅವರ ಮಾತನ್ನು ಇಂದಿನ ಲೆಕ್ಕಗಳೂ ಪೂರ್ತಿಯಾಗಿ ಅಲ್ಲಗಳೆಯುವುದಿಲ್ಲ. ಕಮ್ಯೂನಿಟಿ ಕಾಲೇಜಿಗೆ ಸೇರುವ ಅಮೆರಿಕದ ವಿದ್ಯಾರ್ಥಿಗಳಲ್ಲಿ ನೂರಕ್ಕೆ ಸುಮಾರು 80 ಮಂದಿ ಪದವಿಯ ಆಸೆಯಿಂದಲೇ ಬರುತ್ತಾರೆ. ನಾಲ್ಕು ವರ್ಷದ ಕಾಲೇಜಿಗೆ ದಾಟುವವರು ಸುಮಾರು ಮೂರನೆಯ ಒಂದು ಭಾಗ. ಆರು ವರ್ಷಗಳೊಳಗೆ ಪದವಿ ಪಡೆಯುವವರು ನೂರಕ್ಕೆ ಸುಮಾರು 16. ಬಾಗಿಲಿನ ಬಳಿ ಎಂಬತ್ತು, ಪಂಕ್ತಿಯಲ್ಲಿ ಹದಿನಾರು!

ಉಳಿದವರೆಲ್ಲ ಏನಾದರು? ಅವರೆಲ್ಲ ದಡ್ಡರೆಂಬುದು ಸುಲಭವಾದ ಉತ್ತರ, ಆದುದರಿಂದಲೇ ತಪ್ಪು ಉತ್ತರ. ಹಲವರು ಹೊಟ್ಟೆಪಾಡಿನ ದುಡಿಮೆಯ ನಡುವೆ ಓದುವವರು. ಹಲವರಿಗೆ ದಾರಿಯ ನಕ್ಷೆ ಸಿಗುವುದಿಲ್ಲ. ಈ ಕಾಲೇಜಿನ ಇಂಥ ಪಾಠ ಆ ವಿಶ್ವವಿದ್ಯಾನಿಲಯದ ಯಾವ ಪಾಠಕ್ಕೆ ಸಮ ಎಂಬುದನ್ನು ಮೊದಲೇ ತಿಳಿಯದೆ ಓದಿದರೆ, ದಾಟುವಾಗ ಆ ಓದು ಲೆಕ್ಕಕ್ಕೆ ಬಾರದೆ ಹೋಗಬಹುದು. ಅಮೆರಿಕದ ಸರ್ಕಾರದ ಲೆಕ್ಕಪರಿಶೋಧನ ಕಚೇರಿಯು 2017ರಲ್ಲಿ ಕೊಟ್ಟ ವರದಿಯಂತೆ, 2004ರಿಂದ 2009ರವರೆಗೆ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋದ ಎಲ್ಲ ಬಗೆಯ ವಿದ್ಯಾರ್ಥಿಗಳನ್ನು ಸೇರಿಸಿ ನೋಡಿದರೆ, ಅವರು ಗಳಿಸಿದ್ದ ಕ್ರೆಡಿಟ್ಟುಗಳಲ್ಲಿ ನೂರಕ್ಕೆ 43 ಪಾಲು ದಾರಿಯಲ್ಲೇ ಸೋರಿಹೋಗಿತ್ತು. ಸರ್ಕಾರಿ ಕಮ್ಯೂನಿಟಿ ಕಾಲೇಜಿನಿಂದ ಸರ್ಕಾರಿ ವಿಶ್ವವಿದ್ಯಾನಿಲಯಕ್ಕೆ ಹೋದವರ ನಷ್ಟ ಅಷ್ಟಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಪಾಠಗಳ ಹೊಂದಾಣಿಕೆಯನ್ನು ತಿಳಿಸುವ ‘ಅಸಿಸ್ಟ್’ ಎಂಬ ಸಾರ್ವಜನಿಕ ಪಟ್ಟಿಯಿದೆ; ಯಾರು ಬೇಕಾದರೂ ನೋಡಬಹುದು. ಆದರೆ ಅಂಥ ಪಟ್ಟಿಯೊಂದಿದೆ ಎಂದು ಹೇಳುವವರು ಬೇಕಲ್ಲವೆ? ಮನೆಯಲ್ಲಿ ಓದಿದವರಿರುವ ಹುಡುಗನಿಗೆ ಅದು ಊಟದ ಹೊತ್ತಿನ ಮಾತಿನಲ್ಲಿ ತಿಳಿಯುತ್ತದೆ. ಮನೆಯಲ್ಲಿ ಮೊದಲನೆಯವನಾಗಿ ಕಾಲೇಜು ಹತ್ತಿದವನಿಗೆ, ತಿಳಿಯುವ ಹೊತ್ತಿಗೆ ಒಂದು ವರ್ಷ ಕಳೆದಿರುತ್ತದೆ.

ದಾಟಿದ ಮೇಲೂ ಕಷ್ಟ ಮುಗಿಯದು. ಹೊಸ ಜಾಗದ ಮೊದಲ ಸೆಮಿಸ್ಟರಿನಲ್ಲಿ ಅಂಕಗಳು ಒಮ್ಮೆ ಕುಸಿಯುವುದುಂಟು. 1965ರಲ್ಲಿ ಜಾನ್ ಹಿಲ್ಸ್ ಎಂಬ ವಿದ್ವಾಂಸರು ಇದಕ್ಕೆ ‘ವರ್ಗಾವಣೆಯ ಆಘಾತ’ ಎಂಬರ್ಥದ ಹೆಸರನ್ನಿಟ್ಟರು. ಸಸಿಯನ್ನು ಮಡಿಯಿಂದ ಕಿತ್ತು ಗದ್ದೆಯಲ್ಲಿ ನೆಟ್ಟ ಮೊದಲ ವಾರ ಅದು ಬಾಡಿದಂತೆ ಕಾಣುವುದನ್ನು ನಾವು ಮಲೆನಾಡಿನವರು ಬಲ್ಲೆವು. ಬೇರು ಹಿಡಿದರೆ ಚೇತರಿಸಿಕೊಳ್ಳುತ್ತದೆ. ಅಷ್ಟರಲ್ಲಿ ನೀರು ತಪ್ಪಬಾರದು.

ಚೇತರಿಸಿಕೊಂಡವರ ಕಥೆಗಳೂ ಇಲ್ಲದಿಲ್ಲ. ಹೈಸ್ಕೂಲಿನಲ್ಲಿ ಓದಿನ ಕಡೆ ಗಮನವಿಲ್ಲದೆ, ವಿಯೆಟ್ನಾಮಿನ ಯುದ್ಧದಲ್ಲಿ ನೌಕಾಪಡೆಯ ಆಸ್ಪತ್ರೆಯಲ್ಲಿ ದುಡಿದು ಹಿಂದಿರುಗಿದ ಕ್ರೇಗ್ ವೆಂಟರ್ ಎಂಬ ತರುಣನು ಓದನ್ನು ಮತ್ತೆ ಕೈಗೆತ್ತಿಕೊಂಡದ್ದು ಕಾಲೇಜ್ ಆಫ್ ಸಾನ್ ಮಟೇಯೊ ಎಂಬ ಎರಡು ವರ್ಷದ ಕಾಲೇಜಿನಲ್ಲಿ. ಅಲ್ಲಿಂದ ಸಾನ್ ಡಿಯಾಗೊಗೆ ದಾಟಿ, 1972ರಲ್ಲಿ ಪದವೀಧರನಾದನು. ಮೂರು ವರ್ಷಗಳಲ್ಲಿ ಡಾಕ್ಟರೇಟ್. 2000ನೆಯ ಇಸವಿಯಲ್ಲಿ ಮಾನವನ ಜೀನೋಮಿನ ಕರಡು ಓದು ಮುಗಿಯಿತೆಂದು ಶ್ವೇತಭವನದಲ್ಲಿ ಘೋಷಿಸಿದಾಗ ಅಧ್ಯಕ್ಷ ಕ್ಲಿಂಟನ್ನರ ಪಕ್ಕದಲ್ಲಿ ನಿಂತವರಲ್ಲಿ ಅವರೊಬ್ಬರು. 1999ರಲ್ಲಿ ಬಾಹ್ಯಾಕಾಶ ನೌಕೆಯನ್ನು ನಡೆಸಿದ ಮೊದಲ ಮಹಿಳಾ ದಳಪತಿ ಐಲೀನ್ ಕಾಲಿನ್ಸ್ ಕೂಡ ನ್ಯೂಯಾರ್ಕ್ ಪ್ರಾಂತದ ಕಾರ್ನಿಂಗ್ ಕಮ್ಯೂನಿಟಿ ಕಾಲೇಜಿನಿಂದ ಸಿರಕ್ಯೂಸ್ ವಿಶ್ವವಿದ್ಯಾನಿಲಯಕ್ಕೆ ದಾಟಿದವರೇ. ಚಿತ್ರನಟ ಟಾಮ್ ಹ್ಯಾಂಕ್ಸ್ ಓದಿದ ಷಾಬೊ ಕಾಲೇಜು ಅಕ್ಕನ ಊರಿನ ಪಕ್ಕದ ಹೇವರ್ಡಿನಲ್ಲೇ ಇದೆ. ತನ್ನ ಬಾಳಿಗೆ ದಾರಿ ತೋರಿದ್ದು ಆ ಕಾಲೇಜೇ ಎಂದು 2015ರಲ್ಲಿ ಅವರು ಪತ್ರಿಕೆಯೊಂದರಲ್ಲಿ ಕೃತಜ್ಞತೆಯಿಂದ ಬರೆದರು. ಇವರೆಲ್ಲ ಅಸಾಧಾರಣರೆಂಬುದು ನಿಜ. ಆದರೆ ಹದಿನೇಳನೆಯ ವಯಸ್ಸಿನ ಅಂಕಪಟ್ಟಿಯೊಂದನ್ನೇ ನೋಡಿ ಈ ಅಸಾಧಾರಣತೆಯನ್ನು ಯಾರು ಕಂಡುಹಿಡಿಯಬಹುದಾಗಿತ್ತು?

★

ಇಲ್ಲಿ ನನ್ನದೊಂದು ಮಾತನ್ನು ಹೇಳಬೇಕಾಗಿದೆ. ದ್ವಿತೀಯ ಪಿ.ಯು.ಸಿ.ಯಲ್ಲಿ ನಾನು ಇಂಗ್ಲಿಷಿನಲ್ಲಿ ನಪಾಸಾದವನು. ಪೂರಕ ಪರೀಕ್ಷೆಯಲ್ಲಿ ಮುಗಿಸಿಕೊಂಡು, ಬಿ.ಎ. ಸೇರಿ, ಕನ್ನಡದಲ್ಲಿ ಎಂ.ಎ. ಮಾಡಿದೆ. ಎಂ.ಎ.ಯ ಅಂಕಗಳು ಒಳ್ಳೆಯವೇ. ಆದರೂ ಒಂದು ಕಾಲೇಜಿನ ಅಧ್ಯಾಪಕ ಹುದ್ದೆಯ ಸಂದರ್ಶನದಲ್ಲಿ ಹಿರಿಯರೊಬ್ಬರು ನನ್ನ ಕಾಗದಗಳನ್ನು ಹಿಂದಕ್ಕೆ ತಿರುವುತ್ತ ಹೋಗಿ, ಪಿ.ಯು.ಸಿ.ಯ ಹಾಳೆಯ ಮೇಲೆ ಬೆರಳಿಟ್ಟು, “ಇದೇನ್ರೀ ಇದು?” ಎಂದರು. ಪಂಪನ ಬಗ್ಗೆ ಕೇಳಲಿಲ್ಲ, ವಚನಗಳ ಬಗ್ಗೆ ಕೇಳಲಿಲ್ಲ. ಆ ಹುದ್ದೆ ನನಗೆ ದೊರೆಯಲಿಲ್ಲ. ಅವರ ಮೇಲೆ ಈಗ ನನಗೆ ಕೋಪವಿಲ್ಲ. ನಮ್ಮ ಕ್ರಮವೇ ಹಾಗಿದೆ. ಎಸ್.ಎಸ್.ಎಲ್.ಸಿ.ಯ ಅಂಕಪಟ್ಟಿ ನಮ್ಮ ಹಿಂದೆ ಜಾತಕದಂತೆ ಬರುತ್ತದೆ.

ನಮ್ಮಲ್ಲಿ ಎರಡನೆಯ ಬಾಗಿಲು ಇಲ್ಲವೇ ಇಲ್ಲವೆಂದಲ್ಲ. ಹತ್ತನೆಯ ತರಗತಿಯ ಬಳಿಕ ಪಾಲಿಟೆಕ್ನಿಕ್ ಸೇರಿ ಮೂರು ವರ್ಷದ ಡಿಪ್ಲೊಮಾ ಮಾಡಿದವರು ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಸೇರಬಹುದು. ನನ್ನ ಊರಿನ ಎಷ್ಟೋ ಬಡಮನೆಗಳ ಮಕ್ಕಳು ಎಂಜಿನಿಯರುಗಳಾದದ್ದು ಈ ಪಕ್ಕದ ಬಾಗಿಲಿನಿಂದ. ಆದರೆ ಬಿ.ಎ., ಬಿ.ಎಸ್‌ಸಿ. ಓದುವ ಹುಡುಗನು ನಡುವೆ ಒಂದು ವಿಶ್ವವಿದ್ಯಾನಿಲಯದಿಂದ ಇನ್ನೊಂದಕ್ಕೆ ತನ್ನ ಓದನ್ನು ಹೊತ್ತುಕೊಂಡು ಹೋಗುವುದು ಇಂದಿಗೂ ಸುಲಭವಲ್ಲ. 2021ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ‘ಅಕೆಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್’ ಎಂಬ ನಿಯಮಗಳನ್ನು ಹೊರಡಿಸಿ, ಗಳಿಸಿದ ಕ್ರೆಡಿಟ್ಟುಗಳನ್ನು ಠೇವಣಿಯಿಟ್ಟು ಬೇರೆ ಕಡೆ ಬಳಸಿಕೊಳ್ಳುವ ದಾರಿಯನ್ನು ಕಾಗದದ ಮೇಲೆ ತೆರೆದಿದೆ. ದಾರಿಯನ್ನು ತೆರೆದರೆ ಸಾಲದು. ನಕ್ಷೆಯನ್ನೂ ಕೈಗಿಡಬೇಕು, ಪೀಠವನ್ನೂ ಖಾಲಿ ಇಡಬೇಕು. ಈ ಮೂರೂ ಒಟ್ಟಿಗೆ ಇರಬೇಕೆಂಬುದು ಕ್ಯಾಲಿಫೋರ್ನಿಯಾದ ಗೆಲುವಿನಿಂದಲೂ ಸೋಲಿನಿಂದಲೂ ನಾವು ಕಲಿಯತಕ್ಕ ಪಾಠ.

ಅಧ್ಯಾಪಕರಾದ ನಾವು ಶಾಸನಗಳನ್ನು ಮಾಡಲಾರೆವು. ಆದರೆ ಅಂಕಪಟ್ಟಿಯನ್ನು ಕೆಳಗಿನ ಸಾಲಿನಿಂದ ಓದದೆ ಮೇಲಿನಿಂದ ಓದಬಲ್ಲೆವು. ಯಾವ ಸೆಮಿಸ್ಟರಿನಲ್ಲಿ ಈ ಹುಡುಗಿ ಎದ್ದಳು, ಯಾವ ಪಾಠದಲ್ಲಿ ಈ ಹುಡುಗ ಕಣ್ಣು ತೆರೆದ ಎಂದು ಕೇಳಬಲ್ಲೆವು. ಊರಿಗೆ ಮರಳಿದ ಮೇಲೆ ನಾನು ನನ್ನ ತರಗತಿಯಲ್ಲಿ ಈ ಅಭ್ಯಾಸವನ್ನು ಇಟ್ಟುಕೊಂಡಿದ್ದೇನೆ. ಉತ್ತರಗಳು ನನ್ನನ್ನು ಎಷ್ಟೋ ಸಲ ನಾಚಿಸಿವೆ.

★

ನವೆಂಬರಿನಲ್ಲಿ ಅಳಿಯನು ತನ್ನ ಕಿರುಬರಹವನ್ನು ನನಗೆ ಕಳುಹಿಸಿಕೊಟ್ಟನು. ಮೇಷ್ಟರ ಚಪಲದಿಂದ ನಾನು ಅದಕ್ಕೆ ಒಂದೆರಡು ಉಪಮೆಗಳನ್ನು ಸೇರಿಸಿ ತಿದ್ದಿ ಕಳುಹಿಸಿದೆ. ಮರುದಿನ ಫೋನು ಮಾಡಿ, “ಬೇಡ ಮಾವ. ಏನು ಕೆಟ್ಟಿತು, ಆಮೇಲೆ ಏನು ಮಾಡಿದೆ, ಈಗ ಏನು ಓದಬೇಕು, ಅಷ್ಟೇ ಸಾಕು” ಎಂದನು. ಅವನು ಹೇಳಿದ್ದೇ ಸರಿ. ರಸ್ತೆಯಂಚಿನ ಆ ಸರಿದ ಕಲ್ಲನ್ನು ಅವನು ನಾಲ್ಕು ಸಾಲಿನಲ್ಲಿ ಬರೆದಿದ್ದ. ನನ್ನ ಉಪಮೆಗಳಿಲ್ಲದೆಯೇ ಅದು ಕಣ್ಣಿಗೆ ಕಾಣುತ್ತಿತ್ತು.

ನಾಲ್ಕು ಕಡೆ ಅರ್ಜಿ ಹಾಕಿದ್ದನು. ಎರಡು ಕಡೆಯಿಂದ ‘ಇಲ್ಲ’ ಎಂದು ಬಂತು. ಎರಡು ಕಡೆಯಿಂದ ‘ಬಾ’ ಎಂದು ಬಂತು. ಈ ಶರತ್ಕಾಲಕ್ಕೆ ರಾಜ್ಯದ ದಕ್ಷಿಣದ ಒಂದು ವಿಶ್ವವಿದ್ಯಾನಿಲಯದಲ್ಲಿ ಭೂವಿಜ್ಞಾನದ ಮೂರನೆಯ ವರ್ಷಕ್ಕೆ ಸೇರುತ್ತಾನೆ. ಮುಂದೆ ಹೇಗೋ ಯಾರು ಬಲ್ಲರು? ಮೊದಲ ಸೆಮಿಸ್ಟರಿನಲ್ಲಿ ಬಾಡಿದಂತೆ ಕಂಡರೆ ಗಾಬರಿಯಾಗಬೇಡವೆಂದು ಅಕ್ಕನಿಗೆ ಈಗಲೇ ಹೇಳಿಟ್ಟಿದ್ದೇನೆ.

ಆದರೆ ನನಗೆ ಹೆಚ್ಚು ಸಂತೋಷವಾದದ್ದು ಬೇರೊಂದು ಸುದ್ದಿಯಿಂದ. ಫಲಿತಾಂಶ ಇನ್ನೂ ಬಂದಿರಲಿಲ್ಲ. ಯುಗಾದಿಯ ಕೂಟದಲ್ಲಿ ಅದೇ ಪರಿಚಿತರು ಅಕ್ಕನನ್ನು ಮತ್ತೆ ಅದೇ ಪ್ರಶ್ನೆ ಕೇಳಿದರಂತೆ. ಅಕ್ಕ ಆ ಕಮ್ಯೂನಿಟಿ ಕಾಲೇಜಿನ ಹೆಸರನ್ನು ಸ್ಪಷ್ಟವಾಗಿ ಹೇಳಿ, “ಮೂರನೆಯ ವರ್ಷ. ಭೂಮಿಯ ವಿಚಾರ ಓದುತ್ತಿದ್ದಾನೆ” ಎಂದಳಂತೆ. ಆಗ ಕೇಳಿದವರು ದನಿ ತಗ್ಗಿಸಿ, “ನಮ್ಮ ಮಗಳೂ ಅಲ್ಲೇ ಸೇರಿದ್ದಾಳೆ. ಯಾವ ಪಾಠ ಮೊದಲು ತೆಗೆದುಕೊಳ್ಳಬೇಕು, ಸ್ವಲ್ಪ ಕೇಳಿ ಹೇಳುತ್ತೀರಾ?” ಎಂದರಂತೆ.